ಹೊಳೆದಂಡೆಯ ದಾರಿಗೆ ನಾನು ಹೊಡೆದ ಗೂಟಗಳು

ಜನರನ್ನು ಒಪ್ಪಿಸುವ ಕೆಲಸಕ್ಕೆ ಇಳಿದವನಿಗೆ ನಗುವಿಗೇನೂ ಬರವಿಲ್ಲ. ನನಗಂತೂ ದಿನಕ್ಕೊಂದು ಸಿಗುತ್ತಿತ್ತು. ಗ್ರಾಮಸೇವಕನಾದಾಗ ನಮ್ಮೂರು ಕುದೇರಿನಲ್ಲಿ ಸೈಕಲ್ ಮೇಲೆ ಎರಡು ಸುತ್ತು ಹಾಕಿ ಎಲ್ಲರಿಗೂ ಮುಖ ತೋರಿಸಿ ಬಂದವನು ನಾನು. ಗುಂಡ್ಲುಪೇಟೆಯ ಹೊಳೆದಂಡೆಗೆ ಸಾಲುಮರ, ನೆರಳಲ್ಲೊಂದು ಕಾಲುದಾರಿ ಆಗಬೇಕಿತ್ತು. ದಾರಿ ಎಲ್ಲಿ ಹಾಯಬೇಕೆಂದು ಜನರನ್ನೇ ಕೇಳಿ ಗೂಟ ಹೊಡಿ ಅಂದರು ನಮ್ಮ ಆಫೀಸಿನ ಸಾಹೇಬರು. ನನ್ನ ಕೆಲಸ ಇನ್ನೂ ಹಂಗಾಮಿ. ಅವರು ನೋಡಲು ಬರುವಾಗ ಗೂಟ ಇಲ್ಲದಿದ್ದರೆ ಸೈಕಲ್ ಇಳಿದು ಮತ್ತೆ ನೇಗಿಲು ಹಿಡಿಯಬೇಕು. ಒಂದೇ ವಾರ ಸಾಕು ಸಾರ್ ಅಂದುಬಿಟ್ಟೆ.

೧. ನೆರಳಿಲ್ಲದ ಮರ

ಸಭೆಗೆ ಜನ ಕಿಕ್ಕಿರಿದರು. ನೆರಳು, ತಂಗಾಳಿ, ಹಕ್ಕಿ ಒಂದನ್ನೂ ಬಿಡದೆ ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಎಲ್ಲರೂ ತಲೆಯಾಡಿಸಿದರು. ಮರ ಎಲ್ಲಿ ನೆಡೋಣ ಅಂದಾಗ ಮಾತ್ರ ಪ್ರತಿಯೊಬ್ಬನೂ ಪಕ್ಕದವನ ಹೊಲ ತೋರಿಸಿದ. ನೆರಳು ಬಿದ್ದಲ್ಲಿ ರಾಗಿ ಏಳುವುದಿಲ್ಲವಂತೆ. ಕೊನೆಗೆ ಊರ ಯಜಮಾನರು ಎದ್ದರು. ದಂಡೆಯಲ್ಲಿ ಅವರದೇ ದೊಡ್ಡ ಹೊಲ.

“ನೆರಳು ಬೀಳ್ದೇ ಇರೋ ಮರ ನಿಮ್ಮ ಆಪೀಸ್ನಲ್ಲಿ ಯಾವ್ದಾರಾ ಅದಾ ಸ್ವಾಮಿ?”

೨. ಹೆಬ್ಬೆರಳಿನ ಮಾತು

ಮಾತು ಬೇಡ, ನಕ್ಷೆಯೇ ಸರಿ ಅಂದುಕೊಂಡೆ. ಮರಳಿನ ಮೇಲೆ ಬೂದಿಯಲ್ಲಿ ಹೊಳೆ, ಸುಣ್ಣದಲ್ಲಿ ದಾರಿ ಬರೆದು, ಅವರವರ ಹೊಲವನ್ನೂ ಗುರುತು ಮಾಡಿ ಎಲ್ಲರನ್ನೂ ಸುತ್ತ ನಿಲ್ಲಿಸಿದೆ. ಎಲ್ಲರ ಬಾಯಲ್ಲಿ ಎಲೆಯಡಿಕೆ, ಕಣ್ಣು ಗೋಪಾಲಸ್ವಾಮಿ ಬೆಟ್ಟದ ಕಡೆ, ಕಾಲಿನ ಹೆಬ್ಬೆರಳು ಮಾತ್ರ ಸುಣ್ಣದ ಗೆರೆಯ ಮೇಲೆ. ಒಬ್ಬ ಚೂರು ಆಚೆ ತಳ್ಳಿದರೆ ಇನ್ನೊಬ್ಬ ಗೇಣುದ್ದ ತಳ್ಳಿದ. ಸಂಜೆಗೆ ನೋಡಿದರೆ ನನ್ನ ದಾರಿ ನಟ್ಟನಡು ಹೊಳೆಯಲ್ಲಿತ್ತು.

“ಎಲ್ಲಾ ಒಪ್ಪುದ್ರಲ್ಲಾ, ಬರ್ಕಳಿ,” ಅಂದರು ಯಜಮಾನರು.

೩. ಚೆಂದದ ತಿರುವುಗಳು

ಇನ್ನು ನಡುವೆ ಒಂದೇ ದಿನ, ಆಮೇಲೆ ಸಾಹೇಬರು ಬರುವವರು. ಆಗ ನನ್ನಂಥವನಿಗೆ ಮಾತ್ರ ಹೊಳೆಯುವ ಉಪಾಯ ಹೊಳೆಯಿತು. ಜನ ಹೇಳುವುದನ್ನು ಯಾಕೆ ಕೇಳಬೇಕು, ನಡೆಯುವುದನ್ನು ನೋಡಿದರಾಯಿತು. ಬೆಳಗಿನ ನಸುಕಿನಲ್ಲೇ ಗೂಟದ ಹೊರೆ, ಕೊಡತಿ ಹಿಡಿದು ದಂಡೆಯಲ್ಲಿ ನಿಂತೆ. ಯಜಮಾನರ ತಾಯಿ ಬಂದರು. ಒಂದು ಕೈ ಸೆರಗಿನೊಳಗೆ, ನಡಿಗೆ ಬಲು ಬಿರುಸು. ದಿನಾ ಯಾವ ಕಡೆ ಓಡಾಡ್ತೀರಜ್ಜಿ ಅಂದೆ. ಸೆರಗು ಇನ್ನೂ ಬಿಗಿ ಹಿಡಿದು ಮುಂದೆ ನಡೆದರು. ಹಿಂದೆಯೇ ಹೊರಟೆ. ಹೊಂಗೆಮರದ ಹತ್ತಿರ ತಿರುಗಿದರು, ಗೂಟ ಹೊಡೆದೆ. ಬಂಡೆ ಬಳಸಿದರು, ಹೊಡೆದೆ. ಪೊದೆ ದಾಟಿ ಮಗನ ಹೊಲದ ಬದು ಹತ್ತಿದರು, ಅಲ್ಲೂ ಹೊಡೆದೆ. ಅವರು ಓಡಿದರು, ನಾನೂ ಓಡಿದೆ.

ಮರುದಿನ ಸಾಹೇಬರ ಎದುರು, ಇದು ಅಜ್ಜಿ ನಡೆವ ದಾರಿ ಅಂದಾಗ ತಾಯಿಯ ದಾರಿಗೆ ಅಡ್ಡ ಬರಲಾರದೆ ಯಜಮಾನರು ತಲೆಯಾಡಿಸಿದರು. ಅವರೇ ಒಪ್ಪಿದ ಮೇಲೆ ಮಿಕ್ಕವರೂ ಒಪ್ಪಿದರು. ಎಂಥಾ ಚೆಂದದ ತಿರುವುಗಳಯ್ಯ ಎಂದು ಸಾಹೇಬರು ನನ್ನ ಕೆಲಸ ಖಾಯಂ ಮಾಡಲು ಅಲ್ಲೇ ಬರೆದುಕೊಟ್ಟರು. ಜನರ ನಡಿಗೆ ಅಭ್ಯಾಸ ಮಾಡಿ ಹಾಕಿದ್ದು ಸಾರ್ ಎಂದು ಎದೆಯುಬ್ಬಿಸಿದೆ. ಆದರೆ ಕೊನೆಯ ಗೂಟ ಯಜಮಾನರ ಮನೆಬಾಗಿಲಲ್ಲಿ ಯಾಕಿದೆ ಅಂದರು ಸಾಹೇಬರು.

ಅಜ್ಜಿ ಮುಂದೆ ಬಂದರು. “ನಾ ಚೊಂಬು ಇಡ್ಕಂಡು ಬಯ್ಲುಕಡೆ ಹೊಂಟಿದ್ದಿ ಬುದ್ಧಿ. ಆಗ ಬಾಯ್ಬುಟ್ಟು ಮಾತಾಡಕಾದ್ದಾ? ಇವ ಬೆನ್ನು ಬುಡ್ನಿಲ್ಲ. ತಪ್ಪುಸ್ಕಳಕೆ ನಾ ತಿರುಗ್ದ ಕಡೆಗೆಲ್ಲಾ ಗೂಟ ಬಡ್ದ. ಕೊನ್ಗೆ ಚೊಂಬ್ನ ನೀರು ಹಂಗೇ ಮನ್ಗೆ ವಾಪಸ್ ತಂದಿ ಕಣಪ್ಪ.”