ಶಾಫ್ಟಿನ ಮೇಲೆ ಮೂರು ಬೆರಳಿನ ವಿಭೂತಿ

...ಅಥವಾ ಗಾಡಿ ರಿಪೇರಿಯಾದದ್ದು ಭಾನುವಾರವೇ ಅಲ್ಲವೇನೋ. ಭಾನುವಾರ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಹೇಳಿ ಹೇಳಿ ಅದು ಭಾನುವಾರವೇ ಆಗಿಬಿಟ್ಟಿದೆ. ಗಾಡಿ ನೀಲಿ ಬಣ್ಣದ್ದು ಎಂದು ಬರೆಯಲು ಹೊರಟರೆ, ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿರುವ ನನ್ನ ಹೆಂಡತಿ ಗಿರಿಜೆ, ಅದು ಯಾವತ್ತೂ ನೀಲಿ ಇರಲೇ ಇಲ್ಲ, ಹಸಿರು ಎನ್ನುತ್ತಾಳೆ. ಅವಳಪ್ಪನ ಗಾಡಿ, ಅವಳ ಮಾತೇ ನಡೆಯಲಿ. ನನ್ನ ಕಣ್ಣಿಗೆ ಕಟ್ಟಿರುವ ಗಾಡಿ ಮಾತ್ರ ಇವತ್ತಿಗೂ ನೀಲಿ. ಗಾಡಿಯ ಬಣ್ಣವೇ ನೆನಪಿಲ್ಲದವನು ಅದರ ಹೊಟ್ಟೆಯಡಿಯ ಬೇರಿಂಗಿನ ವಿಷಯಕ್ಕೆ ಸಾಕ್ಷಿ ಹೇಳಲು ಕೂತಿದ್ದಾನೆ ಎಂಬುದು ಓದುವವರಿಗೆ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಎಪ್ಪತ್ತರ ದಶಕ ಎಂಬುದಂತೂ ಖಚಿತ. ವಿಜಯನಗರದಲ್ಲಿ ಆಗ ಮನೆಗಳ ನಡುವೆ ಬೇಕಾದಷ್ಟು ಖಾಲಿ ಸೈಟುಗಳಿದ್ದವು. ಅಲ್ಲಿ ನನ್ನ ಮಾವ ಚನ್ನವೀರಪ್ಪನವರ ಹಿಟ್ಟಿನ ಮಿಲ್ಲು. ಮೂಟೆ ಸಾಗಿಸಲು ಎಲ್ಲಿಯೋ ಹರಾಜಿನಲ್ಲಿ ಹಿಡಿದ ಒಂದು ಹಳೆಯ ಪಿಕಪ್ಪು. ಮಾವ ದಾವಣಗೆರೆ ಕಡೆಯವರು. ಮಾತು ಕಡಿಮೆ, ಹಣೆಯ ಮೇಲೆ ವಿಭೂತಿ ಢಾಳು. ಅವರ ಮನೆಗೆ ಹೊಸದಾಗಿ ಬಂದ, ಇಲ್ಲವೇ ರಿಪೇರಿಯಾಗಿ ವಾಪಸು ಬಂದ ಯಾವ ವಸ್ತುವೂ ಮೂರು ಬೆರಳಿನ ವಿಭೂತಿ ಹಚ್ಚಿಸಿಕೊಳ್ಳದೆ ಕೆಲಸ ಶುರುಮಾಡುವಂತಿರಲಿಲ್ಲ. ಬೀಸುವ ಕಲ್ಲು, ತಕ್ಕಡಿ, ಟೇಬಲ್ ಫ್ಯಾನು, ಒಮ್ಮೆ ನನ್ನ ಹೊಸ ಕನ್ನಡಕ. ಗಾಜಿನ ಮೇಲಲ್ಲ, ಕಿವಿಗೆ ಸಿಕ್ಕಿಸುವ ಕಡ್ಡಿಯ ಮೇಲೆ. ಆದರೂ ಒಂದು ವಾರ ಆಫೀಸಿನಲ್ಲಿ ಎಲ್ಲರೂ ನನ್ನ ಕಿವಿಯ ಜೊತೆಗೇ ಮಾತಾಡಿದರು.

ಇಂಥ ಮನೆಯ ಗಾಡಿಗೆ ಒಂದು ಸದ್ದು ಹತ್ತಿಕೊಂಡಿತು. ನಿಂತಲ್ಲಿಂದ ಹೊರಡುವಾಗ ಸೀಟಿನ ಕೆಳಗಿನಿಂದ ಯಾರೋ ಬಾಗಿಲು ಬಡಿದ ಹಾಗೆ ಧಡ್ ಎನ್ನುವುದು. ಓಟ ಹಿಡಿದ ಮೇಲೆ ಉದ್ದಕ್ಕೂ ನರಳಾಟ. ನನ್ನ ಗೊರಕೆಯೂ ಹೀಗೇ, ಅದಕ್ಕೆ ಗೇರು ಒಂದಿಲ್ಲ ಎಂದು ಗಿರಿಜೆ ಹೇಳಿದಳು. ಸದ್ದು ಅಂಥ ದೊಡ್ಡ ವಿಷಯವೇನಲ್ಲ. ದೊಡ್ಡ ವಿಷಯ ಬೇರೆ ಇತ್ತು. ಮಾವನಿಗೆ ಎಪ್ಪತ್ತು ಹತ್ತಿರವಾಗಿತ್ತು, ಕಣ್ಣು ಮಂಜಾಗುತ್ತಿತ್ತು. ಒಮ್ಮೆ ಮೈಸೂರು ರಸ್ತೆಯಲ್ಲಿ ಎದುರಿಗೆ ಬಂದ ಹುಲ್ಲಿನ ಗಾಡಿಯನ್ನು ಬಸ್ಸೆಂದು ತಿಳಿದು ದಾರಿ ಬಿಟ್ಟುಕೊಟ್ಟಿದ್ದರು. ಇನ್ನೊಮ್ಮೆ ಬಸ್ಸನ್ನು ಹುಲ್ಲಿನ ಗಾಡಿಯೆಂದು ತಿಳಿದು ಬಿಟ್ಟುಕೊಟ್ಟಿರಲಿಲ್ಲ. ಈ ಎರಡನೆಯದು ಮನೆಯಲ್ಲಿ ಚರ್ಚೆಗೆ ಬಂತು.

ಚರ್ಚೆ ಎಂದರೆ ಮಾವನ ಬೆನ್ನ ಹಿಂದೆ. ಅವರ ಕಣ್ಣಿನ ಬಗ್ಗೆ ಅವರ ಎದುರು ಮಾತಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದ ಎಲ್ಲರೂ ಗಾಡಿಯ ಸದ್ದಿನ ಬಗ್ಗೆ ಮಾತಾಡಿದರು. ನನ್ನ ಭಾವಮೈದ ಮಹೇಶ ಬ್ಯಾಂಕಿನಲ್ಲಿದ್ದ. ಕಹಿ ಸುದ್ದಿಯನ್ನು ಮೆತ್ತಗೆ ಹೇಳುವುದು ಅವನ ದಿನನಿತ್ಯದ ಕೆಲಸ. ಗಾಡಿಗೆ ವಯಸ್ಸಾಯಿತಪ್ಪ, ಇನ್ನು ಅದಕ್ಕೆ ರೆಸ್ಟ್ ಕೊಡೋಣ ಎಂದ. ಮಾವ ಅನ್ನ ಕಲಸುತ್ತಲೇ, ಸದ್ದು ಹೋದರೆ ಏನಂತೀಯ ಎಂದು ಕೇಳಿದರು. ಹೀಗೆ ಒಂದು ಕರಾರಾಯಿತು. ಸೋಮವಾರ ಕೆಂಗೇರಿ ಉಪನಗರದಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಮಾವ ಗಾಡಿ ಓಡಿಸುವುದು, ಮಹೇಶ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು. ಸದ್ದು ಬಂದರೆ ಮಾವ ಆವತ್ತೇ ಕೀಲಿಕೈ ಕೆಳಗಿಡುವುದು. ಬರದಿದ್ದರೆ ಅವರು ಕೈಲಾಗುವವರೆಗೆ ಓಡಿಸುವುದು, ಯಾರೂ ತುಟಿ ಬಿಚ್ಚದಿರುವುದು.

ನಾನೊಬ್ಬ ಮಾತ್ರ ಮಾವನ ಪಕ್ಷ. ಆ ಮನೆಯಲ್ಲಿ ನನ್ನ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದವರು ಅವರೊಬ್ಬರೇ. ನಾನು ಊಟಕ್ಕೆ ಕೂರುತ್ತಿದ್ದ ಮಗ್ಗುಲಿನ ಕಿವಿ ಅವರಿಗೆ ಮಂದ ಎಂದು ಗಿರಿಜೆ ಆಮೇಲೆ ಹೇಳಿದ್ದುಂಟು. ನಾನು ನಂಬಿಲ್ಲ.

ನಾಯಂಡಹಳ್ಳಿಯ ಮೆಕ್ಯಾನಿಕ್ ಬಾಷಾ ಸಾಬರು ಬಂದು, ಗಾಡಿಯ ಕೆಳಗೆ ನುಸುಳಿ, ಏನನ್ನೋ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಸೆಂಟರ್ ಬೇರಿಂಗ್ ಹೋಗಿದೆ ಯಜಮಾನ್ರೇ ಎಂದರು. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುವ ಬಲವನ್ನು ಒಯ್ಯುವ ಉದ್ದನೆಯ ಶಾಫ್ಟು ಒಂದುಂಟು. ನಮ್ಮ ಗಾಡಿಯಲ್ಲಿ ಅದು ಎರಡು ತುಂಡು, ಹಲ್ಲಿಗೆ ಹಲ್ಲು ಕೂತು ಸೇರುವಂಥದು. ನಡುವೆ ಜೋತುಬೀಳದ ಹಾಗೆ ಅದನ್ನು ಎತ್ತಿ ಹಿಡಿದಿರುವುದೇ ಈ ಬೇರಿಂಗು, ಸುತ್ತ ಒಂದು ರಬ್ಬರಿನ ದಿಂಬು. ದಿಂಬು ಹರಿದು ಶಾಫ್ಟು ಹೊಡೆದುಕೊಳ್ಳುತ್ತಿತ್ತು. ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಲು ಮಾವ ಒಪ್ಪಲಿಲ್ಲ, ಪರಸ್ಥಳದಲ್ಲಿ ಅದಕ್ಕೆ ಒಗ್ಗುವುದಿಲ್ಲವಂತೆ. ಹೀಗಾಗಿ ಮನೆಯ ಮುಂದೆಯೇ, ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಆಪರೇಷನ್. ಬಾಷಾ ಸಾಬರು ಒಬ್ಬರೇ ಬಂದಿದ್ದರಿಂದ ಸಹಾಯಕ್ಕೆ ನಾನು ನಿಂತೆ. ಹಿಂದಿನ ಅನುಭವ ಎಂದರೆ ಒಮ್ಮೆ ಸೈಕಲ್ ಚೈನು ಹಾಕಿದ್ದೆ. ಅದೂ ನನ್ನ ನೆನಪಿನ ಪ್ರಕಾರ.

ನನಗೆ ವಹಿಸಿದ್ದು ಒಂದೇ ಕೆಲಸ. "ಬಿಚ್ಚೋಕ್ ಮುಂಚೆ ಎರಡೂ ತುಂಡಿನ ಮೇಲೆ ಒಂದೊಂದು ಗೆರೆ ಹಾಕ್ಬೇಕು ಸಾರ್," ಎಂದರು ಬಾಷಾ ಸಾಬರು. "ವಾಪಸ್ ಸೇರಿಸುವಾಗ ಗೆರೆಗೆ ಗೆರೆ ಸರಿಹೋಗ್ಬೇಕು. ಒಂದ್ ಹಲ್ಲು ಆಚೀಚೆ ಆದ್ರೂ ಗಾಡಿ ಕುಣೀತದೆ." ಹೇಳಿ, ಚಾಣ ಹಿಡಿದು ಶಾಫ್ಟಿಗೆ ಒಂದು ಏಟು ಹಾಕಲು ಸುತ್ತಿಗೆ ಎತ್ತಿದರು. ಮಾವ ತಡೆದರು. ಗಾಯ ಮಾಡಬ್ಯಾಡ್ರಿ ಎಂದರು. ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ತುದಿಯನ್ನು ನೀರಿನಲ್ಲಿ ಅದ್ದಿ ನನ್ನ ಕೈಗೆ ಕೊಟ್ಟರು. ನಾನು ಗಾಡಿಯಡಿ ಅಂಗಾತ ಮಲಗಿ, ಗ್ರೀಸು ಒರೆಸಿ, ಕಣ್ಣಿಗೆ ಉದುರುತ್ತಿದ್ದ ಮಣ್ಣನ್ನು ಲೆಕ್ಕಿಸದೆ ಎರಡು ಗೆರೆ ಎಳೆದೆ. ಒಣಗಿದ ಮೇಲೆ ಬೆಳ್ಳಗೆ ಚೆನ್ನಾಗಿಯೇ ಕಂಡವು. ಇಲ್ಲಿಯವರೆಗೆ ನನ್ನಿಂದ ತಪ್ಪಾಗಿಲ್ಲ ಎಂದು ನನ್ನ ನಂಬಿಕೆ.

ಬಾಷಾ ಸಾಬರು ಶಾಫ್ಟು ಇಳಿಸಿ, ಹಳೆಯ ಬೇರಿಂಗನ್ನು ಬಡಿದು ಬಡಿದು ಹೊರಹಾಕಿ, ಹೊಸದನ್ನು ಕೂರಿಸುವಷ್ಟರಲ್ಲಿ ಗಿರಿಜೆ ಕಾಫಿಗೆ ಕರೆದಳು. ನಾನು ಒಳಗೆ ಹೋದೆ. ಏನೂ ಮಾಡದವನಿಗೆ ಆಗುವಷ್ಟು ಆಯಾಸ ನನಗೂ ಆಗಿತ್ತು. ಎರಡು ಲೋಟ ಕುಡಿದೆ. ಹೊರಗೆ ಬಂದು ನೋಡಿದರೆ ಗೋಣಿತಾಟಿನ ಮೇಲೆ ಶಾಫ್ಟಿನ ಎರಡು ತುಂಡುಗಳು ಕಣಗಿಲೆ ಹೂವು ಮುಡಿದು, ಊದುಬತ್ತಿಯ ಹೊಗೆಯಲ್ಲಿ ಮಲಗಿದ್ದವು. ಮಾವ ಪೂಜೆ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಶಾಫ್ಟು ಅವರ ಎದುರು ಅಡ್ಡಡ್ಡ ಮಲಗಿತ್ತು, ಹಾಗಾಗಿ ಎಡದಿಂದ ಬಲಕ್ಕೆ ಎಳೆದ ಮೂರು ಬೆರಳಿನ ಗೆರೆಗಳು ಅದರ ಉದ್ದಕ್ಕೂ ಬಿದ್ದಿದ್ದವು. ತಿರುಗುವ ವಸ್ತು, ಯಾವ ಮಗ್ಗುಲು ಮೇಲೆ ಬರುತ್ತದೋ ಎಂದು ಉರುಳಿಸಿ ಉರುಳಿಸಿ ಸುತ್ತಲೂ ಹಚ್ಚಿದ್ದರು. ಒಂದೊಂದು ತುಂಡಿನಲ್ಲೂ ನನ್ನ ಒಂದು ಗೆರೆ ಇದ್ದ ಕಡೆ ಈಗ ಒಂದು ಡಜನ್ ಗೆರೆ.

ಬಾಷಾ ಸಾಬರು ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಸಾರ್, ಇದ್ರಲ್ಲಿ ನಿಮ್ದು ಯಾವ್ದು?"

"ಎಲ್ಲಾ ಅವನವೇ," ಎಂದು ಮಾವ ಆಕಾಶದ ಕಡೆ ತೋರಿಸಿದರು.

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಗೊತ್ತಾಗುತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಬಾಷಾ ಸಾಬರು ಬೇರೆ ಏನೋ ಉಪಾಯ ಹುಡುಕುತ್ತಿದ್ದರು. ಆದರೆ ಇಡೀ ಕೆಲಸದಲ್ಲಿ ನನಗೆ ಕೊಟ್ಟದ್ದು ಗೆರೆ ಎಳೆಯುವುದೊಂದೇ. ಸ್ವಂತ ಗೆರೆಯ ಗುರುತು ಸಿಗಲಿಲ್ಲ ಎಂದು ಮಾವನ ಮನೆಯ ಮುಂದೆ ಯಾವ ಅಳಿಯ ಒಪ್ಪಿಕೊಳ್ಳುತ್ತಾನೆ? ನನ್ನ ಕೈಬರಹ ಕೊಂಚ ಬಲಕ್ಕೆ ವಾಲುತ್ತದೆ. ಹಾಗೆ ವಾಲಿದ ಒಂದೊಂದು ಗೆರೆಯನ್ನು ಎರಡೂ ತುಂಡಿನಲ್ಲಿ ಹುಡುಕಿ, ಇದೇ, ಇದು ಎಂದೆ. ಗ್ಯಾರಂಟಿನಾ ಎಂದರು ಬಾಷಾ ಸಾಬರು. ಗ್ಯಾರಂಟಿ ಎಂದೆ. ಮಾವನ ಬೆರಳುಗಳೂ ವಯಸ್ಸಿನಿಂದ ಬಲಕ್ಕೆ ವಾಲುತ್ತಿದ್ದವು ಎಂಬುದು ನನಗೆ ಹೊಳೆದದ್ದು ತೀರ ತಡವಾಗಿ.

ಸೋಮವಾರ ಬೆಳಗ್ಗೆ ಹೊರಟೆವು. ಮುಂದೆ ಮಾವ, ಗಿರಿಜೆ, ಕಿವಿ ನಿಮಿರಿಸಿಕೊಂಡ ಮಹೇಶ. ಹಿಂದೆ ಹಲಗೆಯ ತೊಟ್ಟಿಯಲ್ಲಿ ನಾನು ಮತ್ತು ಗೃಹಪ್ರವೇಶದ ಊಟಕ್ಕೆಂದು ಒಯ್ಯುತ್ತಿದ್ದ ಎರಡು ಕ್ಯಾನು ಗಟ್ಟಿ ಮೊಸರು. ಗಾಡಿ ಹೊರಟಾಗ ಧಡ್ ಎನ್ನಲಿಲ್ಲ. ನಾಯಂಡಹಳ್ಳಿ ಬಂದರೂ ನರಳಲಿಲ್ಲ. ಹಿಂದಿನ ಕಿಂಡಿಯಲ್ಲಿ ಕಾಣುತ್ತಿದ್ದ ಮಹೇಶನ ಕತ್ತು ನಿಧಾನವಾಗಿ ಬಾಗಿತು. ನಾನು ಮೊಸರಿನ ಕ್ಯಾನಿಗೆ ಒರಗಿ ರಾಜನ ಹಾಗೆ ಕೂತಿದ್ದೆ.

ನಾಯಂಡಹಳ್ಳಿ ದಾಟಿ ರಸ್ತೆ ತೆರವಾಯಿತು, ಗಾಡಿ ಓಟ ಹಿಡಿಯಿತು, ಕುಣಿತ ಶುರುವಾಯಿತು. ಮೊದಲು ಕಾಲಡಿಯ ಹಲಗೆ, ಆಮೇಲೆ ಕ್ಯಾನುಗಳು, ಆಮೇಲೆ ನನ್ನ ದವಡೆ. ದಾರಿಯಲ್ಲಿ ಗುರುತಿನವರೊಬ್ಬರು ಕೈ ಬೀಸಿದರು. ನಾನೂ ಬೀಸಿದೆ, ಆದರೆ ನನ್ನ ಕೈ ಹತ್ತು ಜನರಿಗೆ ಬೀಸಿದಂತಿತ್ತು. ಕೆಂಗೇರಿಯಲ್ಲಿ ಇಳಿದು ಕ್ಯಾನಿನ ಮುಚ್ಚಳ ತೆಗೆದಾಗ ಮನೆಯ ಯಜಮಾನಿತಿ ಬಗ್ಗಿ ನೋಡಿ, ಮೊಸರು ತರ್ತೀವಿ ಅಂದಿದ್ರಲ್ಲ, ಇದು ಮಜ್ಜಿಗೆ, ಮೇಲೆ ಬೆಣ್ಣೆ ಬೇರೆ ಬಂದಿದೆ ಎಂದರು. ಗೃಹಪ್ರವೇಶಕ್ಕೆ ಬೆಣ್ಣೆ ಬಹಳ ಶ್ರೇಷ್ಠ ಎಂದು ನಾನು ಸಮಜಾಯಿಷಿ ಕೊಟ್ಟೆ. ನನ್ನ ಹಲ್ಲುಗಳು ಇನ್ನೂ ನಿಂತಿರಲಿಲ್ಲವಾದ್ದರಿಂದ ಅವರಿಗೆ ಅರ್ಥವಾಯಿತೋ ಇಲ್ಲವೋ.

ಚಪ್ಪರದ ಕೆಳಗೇ ವಿಚಾರಣೆ ನಡೆಯಿತು. ಮಹೇಶ ನ್ಯಾಯವಂತ. ಸದ್ದು ಬರಲಿಲ್ಲ ಭಾವ, ಒಪ್ಪಿದೆ, ಆದರೆ ಇದೇನು ಈ ಕುಣಿತ ಎಂದ. ಕರಾರಿನಲ್ಲಿ ಇದ್ದದ್ದು ಸದ್ದು, ಕುಣಿತದ ಮಾತೇ ಬಂದಿಲ್ಲ ಎಂದು ನಾನು ವಾದಿಸಿದೆ. ಕಾಲು ಗಂಟೆ ವಾದಿಸಿದೆ. ಕೊನೆಗೆ ಮಹೇಶ, ಆಯ್ತು ಬಿಡಿ, ಅಪ್ಪಾನೇ ಓಡಿಸಲಿ ಎಂದು ಕೈಚೆಲ್ಲಿದ. ನನ್ನ ಜೀವನದಲ್ಲಿ ನಾನು ಪೂರ್ತಿಯಾಗಿ ಗೆದ್ದ ವಾದ ಬಹುಶಃ ಅದೊಂದೇ.

ಮಾವ ಬಳಿಗೆ ಬಂದು, ನನ್ನ ಅಂಗೈ ಬಿಡಿಸಿ ಕೀಲಿಕೈ ಇಟ್ಟರು.

"ವಾಪಸ್ ನೀವೇ ಓಡಿಸ್ರಿ ಅಳಿಯಂದ್ರೇ. ನನ್ನ ಕೈಗೆ ಇದು ಇನ್ನ ಸಿಗಂಗಿಲ್ಲ."

ಯಾರೂ ಕಣ್ಣಿನ ಮಾತೆತ್ತಲಿಲ್ಲ. ಎತ್ತುವ ಅಗತ್ಯವೂ ಉಳಿದಿರಲಿಲ್ಲ. ಮಾವ ಪಂಕ್ತಿಯಲ್ಲಿ ಕೂತು, ಬೆಣ್ಣೆ ತೇಲುವ ಮಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಂಡು ಕುಡಿದರು.

ಮುಂದಿನ ವಾರ ಬಾಷಾ ಸಾಬರು ಬಂದು ಶಾಫ್ಟು ಬಿಚ್ಚಿ, ಒಂದು ಹಲ್ಲು ತಿರುಗಿಸಿ ಕೂರಿಸಿದರು. ಕುಣಿತ ನಿಂತಿತು. ನಾನು ಓಡೋಡಿ ಹೋಗಿ ಮಾವನ ಮುಂದೆ ಕೀಲಿಕೈ ಹಿಡಿದೆ. ನಿಮ್ಮ ಹತ್ತಿರವೇ ಇರಲಿ ಎಂದರು, ಪೇಪರಿನಿಂದ ಮುಖ ಎತ್ತದೆ. ಅಂದಿನಿಂದ ರಜಾ ದಿನಗಳಲ್ಲಿ ಮಿಲ್ಲಿನ ಮೂಟೆ ಹೊರುವ ಡ್ರೈವರು ನಾನಾದೆ.

ಇಷ್ಟಾಗಿ ಎಷ್ಟೋ ತಿಂಗಳ ಮೇಲೆ ಬಾಷಾ ಸಾಬರು ಟೀ ಕುಡಿಯುತ್ತ ಒಂದು ಮಾತು ಹೇಳಿದರು. ಆವತ್ತು ನಾನು ಒಳಗೆ ಕಾಫಿ ಕುಡಿಯುತ್ತಿದ್ದಾಗ ಯಜಮಾನರು ಅವರನ್ನು ಕೇಳಿದ್ದರಂತೆ, ಗೆರೆ ತಪ್ಪಿದರೆ ಗಾಡಿಗೆ ಪೆಟ್ಟಾಗುತ್ತದೆಯೇ ಎಂದು. ಬೇಗ ಸರಿಮಾಡಿದರೆ ಪೆಟ್ಟೇನಿಲ್ಲ, ಅಲ್ಲಿಯವರೆಗೆ ಕುಣಿಯುತ್ತದೆ ಎಂದು ಇವರು ಹೇಳಿದರಂತೆ. ಕೇಳಿದ್ದು ವಿಭೂತಿ ಹಚ್ಚುವ ಮೊದಲೋ, ಹಚ್ಚಿದ ಮೇಲೋ ಎಂದೆ. ಬಾಷಾ ಸಾಬರು ತಲೆ ಕೆರೆದುಕೊಂಡರು.

"ಅದೆಲ್ಲಾ ಯಾರಿಗೆ ನೆನಪಿರ್ತದೆ ಸಾರ್."

ಮೊದಲೇ ಕೇಳಿದ್ದರೆ, ಮಗನಿಗೂ ಸೋಲದೆ, ಕಣ್ಣಿನ ಹೆಸರೂ ಬರದ ಹಾಗೆ ಕೀಲಿಕೈ ಕೆಳಗಿಡಲು ಮಾವ ತಾವೇ ಒಂದು ದಾರಿ ಮಾಡಿಕೊಂಡರು ಎಂದಾಗುತ್ತದೆ. ಆಮೇಲೆ ಕೇಳಿದ್ದರೆ, ಅದು ಬರೀ ಪೂಜೆ. ಮಿಕ್ಕದ್ದೆಲ್ಲ ನನ್ನ ಗ್ಯಾರಂಟಿಯ ಫಲ. ಗಿರಿಜೆಗೆ ಅನುಮಾನವೇ ಇಲ್ಲ: "ನೀವು ತಪ್ಪು ಗೆರೆ ತೋರಿಸಿದ್ರಿ ರೀ, ಅಷ್ಟೇ." ಅದಾದ ಮೇಲೆ ಮಾವ ಹಲವು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತು ಓಡಾಡಿದರು, ದಾರಿಯುದ್ದಕ್ಕೂ ನಾನು ಏನೇನೋ ಮಾತಾಡಿದೆ, ಇದೊಂದನ್ನು ಕೇಳಲಿಲ್ಲ. ಏಕೆ ಕೇಳಲಿಲ್ಲ ಎಂಬುದಕ್ಕೆ ಒಳ್ಳೆಯ ಕಾರಣಗಳನ್ನು ಈಗ ಹೊಂದಿಸಬಲ್ಲೆ, ಆದರೆ ಅವು ಈಗ ಹೊಂದಿಸಿದವು. ಅವರು ಬೇಕೆಂದೇ ಹಚ್ಚಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಎಳೆದ ಗೆರೆ ಯಾವುದು ಎಂಬುದೂ ಗೊತ್ತಿಲ್ಲ.