ಮಾಮಾ ಸಮುದ್ರಕ್ಕೆ ನಿಲ್ಲು ಅಂದದ್ದು

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಸಮುದ್ರ ಬಂತು. ನಮ್ಮ ಮಾಮಾ ಬಲಗೈ ಎತ್ತಿ ಅದಕ್ಕೆ ನಿಲ್ಲು ಎಂದು ಸನ್ನೆ ಮಾಡಿದರು.

ನಗಬೇಡಿ. ಹುಮನಾಬಾದಿನಲ್ಲಿ ಮಾಮಾ ಹೀಗೆ ಕೈ ಎತ್ತಿದರೆ ನಿಲ್ಲದ ವಸ್ತುವೇ ಇಲ್ಲ. ಹೊರಟ ಬಸ್ಸು ನಿಲ್ಲುತ್ತದೆ. ಮದುವೆಯ ಬ್ಯಾಂಡು ನಿಲ್ಲುತ್ತದೆ. ಬೀದಿಯಲ್ಲಿ ಜಗಳವಾಡುತ್ತಿರುವವರು ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ, ನಾವು ಯಾಕೆ ನಿಂತೆವು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಾಲ್ಕೂ ದಿಕ್ಕಿಗೆ ನೆಲವೇ ಇರುವ ಊರಿನಲ್ಲಿ ಕಿರಾಣಿ ಅಂಗಡಿ ನಡೆಸಿಕೊಂಡು ಬಂದ ಮನುಷ್ಯನಿಗೆ, ಹೇಳಿದ ಮಾತು ಕೇಳದ ನೀರು ಎಂಬುದೊಂದು ಜಗತ್ತಿನಲ್ಲಿದೆ ಎಂದು ಹೇಗೆ ಗೊತ್ತಾಗಬೇಕು?

ನನಗಾದರೂ ಗೊತ್ತಿರಬೇಕಿತ್ತು. ನಾನು ಬಸವಕಲ್ಯಾಣದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಸೂರ್ಯ, ಚಂದ್ರ, ಭೂಮಿ ಮೂರನ್ನೂ ಬೋರ್ಡಿನ ಮೇಲೆ ಬಿಡಿಸಿ, ಬಾಣದ ಗುರುತು ಹಾಕಿ, ಸಮುದ್ರದ ಉಬ್ಬರವಿಳಿತದ ಪಾಠವನ್ನು ನಿದ್ದೆಗಣ್ಣಲ್ಲೂ ಮಾಡಬಲ್ಲೆ. ಸಮುದ್ರವನ್ನು ಕಣ್ಣಾರೆ ನೋಡಿದ್ದು ಮಾತ್ರ ಅದೇ ಮೊದಲು!

ನನ್ನ ತಂಗಿ ಸ್ಕಾಟ್ಲೆಂಡಿನಲ್ಲಿ ನರ್ಸು. ಅವಳನ್ನು ನೋಡಲು ಬೇಸಿಗೆ ರಜೆಯಲ್ಲಿ ನಾನೂ ಮಾಮಾನೂ ಹೋಗಿದ್ದೆವು. ಅಲ್ಲಿನ ಪಶ್ಚಿಮ ತೀರದ ದ್ವೀಪವೊಂದಕ್ಕೆ ಮೂವರೂ ಹೋಗುವುದೆಂದು ಅವಳು ಹಡಗಿನ ಟಿಕೆಟು ತೆಗೆದಿಟ್ಟಿದ್ದಳು. ಹಿಂದಿನ ದಿನ ಅವಳಿಗೆ ಡ್ಯೂಟಿ ಬಿತ್ತು. "ನೀವಿಬ್ಬರೇ ಹೋಗಿ ಬರ್ರಿ. ಹಡಗ ಇಳಿದ ಮ್ಯಾಲ ಒಂದು ತಾಸಿನ ಕಾಲ್ದಾರಿ, ಸಣ್ಣ ಹುಡುಗ್ರೂ ನಡೀತಾವ. ಮಾಮಾನ್ನ ಒಂದೀಟು ಸಂಭಾಳಿಸು," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅದೇ ಹೊತ್ತಿಗೆ ಮಾಮಾ ಅವಳ ಇನ್ನೊಂದು ಕಿವಿಯಲ್ಲಿ, "ನೀ ಫಿಕೀರ್ ಮಾಡಬ್ಯಾಡ, ಇಕಿನ್ನ ನಾ ಸಂಭಾಳಸ್ತೀನಿ," ಎನ್ನುತ್ತಿದ್ದರು.

ಮಾಮಾರ ಜೊತೆ ನಡೆಯುವುದೆಂದರೆ ಮೆರವಣಿಗೆ ಹೋದಂತೆ. ಬಿಳಿ ಧೋತರ, ಅದರ ಮೇಲೆ ತಂಗಿ ಕೊಡಿಸಿದ ಕೆಂಪು ಮಳೆಕೋಟು, ಕಾಲಲ್ಲಿ ಬೆಟ್ಟ ಹತ್ತುವ ಬೂಟು, ಹೆಗಲಿಗೆ ಕಟಿ ರೊಟ್ಟಿಯೂ ಶೇಂಗಾ ಹಿಂಡಿಯೂ ತುಂಬಿದ ಚೀಲ. ಎದುರಿಗೆ ಬಂದ ಒಬ್ಬರನ್ನೂ ಸುಮ್ಮನೆ ಬಿಡಲಿಲ್ಲ. ಕೋಲು ಹಿಡಿದು ಬಂದ ಬಿಳಿಯ ದಂಪತಿಗೆ ಕೈಮುಗಿದು, "ಊಟ ಆಯ್ತೇನ್ರಿ?" ಎಂದರು. ಅವರು ಆಕಾಶ ತೋರಿಸಿ ಇವತ್ತು ಮಳೆ ಬರಲಿಕ್ಕಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಆತ್ರಿ, ಆರಾಮ ಹೋಗಿ ಬರ್ರಿ," ಎಂದರು ಮಾಮಾ. ಎರಡೂ ಕಡೆಯವರು ಬಹಳ ಸಂತೋಷದಿಂದ ಬೇರೆಯಾದರು. ಇಷ್ಟು ಯಶಸ್ವಿಯಾದ ಮಾತುಕತೆಯನ್ನು ನಾನು ನಮ್ಮ ಸ್ಟಾಫ್ ರೂಮಿನಲ್ಲೂ ಕಂಡಿಲ್ಲ.

ಹಸಿರು ಹುಲ್ಲು, ಅದರ ನಡುವೆ ಒಬ್ಬರು ನಡೆಯುವಷ್ಟು ಕಾಲುದಾರಿ, ಬಲಕ್ಕೆ ನೀಲಿ ನೀರು, ಎಡಕ್ಕೆ ಗುಡ್ಡ. ಗುಡ್ಡದ ತುಂಬ ಕುರಿ. ಮಾಮಾ ಒಂದು ಕುರಿಯನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ ಹೇಳಿದರು: "ನಮ್ಮ ಮೋರಖಂಡಿ ಕುರಿ ನೋಡಿದ್ರ ಹೊಲ ಕಾಯ್ದು ದಣದಾಂಗ ಕಾಣ್ತಾವ. ಇವು ನೋಡು, ಹೊಲಾ ತಮ್ಮ ಹೆಸರಿಗೇ ಬರದು ಕೊಟ್ಟಾರ ಅನ್ನೂವಂಗ ನಿಂತಾವ!"

ದಾರಿ ಮುಗಿಯುವಲ್ಲಿ ಬಿಳಿ ಮರಳಿನ ಪಟ್ಟಿಯೊಂದು ಸಮುದ್ರದೊಳಗೆ ಚಾಚಿಕೊಂಡು, ಆಚೆಯ ಪುಟ್ಟ ನಡುಗಡ್ಡೆಯನ್ನು ಮುಟ್ಟಿತ್ತು. ನಡುಗಡ್ಡೆಯ ಮೇಲೆ ಸೂರಿಲ್ಲದ ಹಳೆಯ ಕಲ್ಲಿನ ಚರ್ಚು. ಈಚೆ ದಡದಲ್ಲಿ ಒಂದು ಹಳದಿ ಬೋರ್ಡು. ಉಬ್ಬರದ ಹೊತ್ತಿನಲ್ಲಿ ದಾಟಬೇಡಿ, ದಾರಿ ಮುಳುಗುತ್ತದೆ ಎಂದು ಅದರಲ್ಲಿ ಬರೆದಿತ್ತು. ನಾನು ಓದಿ ಹೇಳಿದೆ.

"ಬೋರ್ಡಿನ ಮಾತು ಏನ್ ಕೇಳ್ತಿ?" ಎಂದರು ಮಾಮಾ. "ನಮ್ಮ ಹೊಲದ ರಸ್ತಾದಾಗ 'ಕೆಲಸ ನಡೆದಿದೆ, ನಿಧಾನವಾಗಿ ಚಲಿಸಿ' ಅಂತ ಬೋರ್ಡ್ ಅದ. ನೀ ಹುಟ್ಟೂಕಿಂತ ಮೊದಲಿಂದು. ಕೆಲಸಾ ಮಾಡೂವ ಒಬ್ಬನ್ನೂ ನಾ ನೋಡಿಲ್ಲ."

"ಮಾಮಾ, ಇದು ಖರೇ ಬೋರ್ಡ್. ನೀರು ಬರ್ತದಂತ."

"ಬರಲಿ. ನೀರು ಬರೂದಾದ್ರ ಮೊದಲ ಸಪ್ಪಳ ಬರ್ತದಲ್ಲ?"

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ನೀರು ಬರುವುದು ನಳಕ್ಕೆ. ಬರುವ ಮುಂಚೆ ನಳ ಸೂಂ ಎಂದು ಗಾಳಿ ಉಗುಳುತ್ತದೆ, ಇಡೀ ಓಣಿ ಕೊಡ ಹಿಡಿದು ಎದ್ದು ನಿಲ್ಲುತ್ತದೆ. ಹೇಳದೆ ಕೇಳದೆ ಬರುವ ನೀರನ್ನು ಮಾಮಾ ಕಂಡವರಲ್ಲ. ಭೂಗೋಳದ ಮೇಡಂ ಆದ ನಾನು? ನಾನೂ ಕಿವಿಗೊಟ್ಟು ಕೇಳಿದೆ. ಸಪ್ಪಳವಿರಲಿಲ್ಲ. ದಾಟಿದೆವು!

ದಾಟುವ ಮುಂಚೆ ಮಾಮಾ ಬೂಟು ಬಿಚ್ಚಿ ಮರಳಿನ ಮೇಲೆ ಜೋಡಿಸಿಟ್ಟರು. ಆಚೆ ಇರುವುದು ಗುಡಿಯಲ್ಲವೇ!

"ಮಾಮಾ, ಅದು ಅವರ ದೇವರ ಗುಡಿ."

"ಇರಲಿ. ಇಷ್ಟು ದೂರ ಬಂದೀವಿ, ಪರಿಚಯ ಆಗಲಿ."

ಅಸಲಿಗೆ ಮಾಮಾರಿಗೆ ಬೇಕಾಗಿದ್ದು ಕೂರಲು ಒಂದು ಜಾಗ. ನಸುಕಿನ ಹಡಗು ಹಿಡಿಯುವ ಗಡಿಬಿಡಿಯಲ್ಲಿ ಅವತ್ತು ಅವರ ಇಷ್ಟಲಿಂಗ ಪೂಜೆ ಆಗಿರಲಿಲ್ಲ. ಪೂಜೆಯಾಗದೆ ಅವರು ಅನ್ನ ಮುಟ್ಟುವವರಲ್ಲ. ಹಡಗಿನಲ್ಲಿ ಕೂತುಕೊಳ್ಳಿ ಎಂದರೆ ಮೀನು ಕರಿಯುವ ವಾಸನೆ ಎಂದಿದ್ದರು. ಈಗ ಚರ್ಚಿನ ಗೋಡೆಯ ನೆರಳಿನಲ್ಲಿ ಟವೆಲು ಹಾಸಿ ಕೂತರು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯ ಮುಚ್ಚಳ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಅದರ ಮೇಲೆ ದೃಷ್ಟಿ ನೆಟ್ಟರು. ಅಷ್ಟೇ, ಇನ್ನು ಅವರು ಸ್ಕಾಟ್ಲೆಂಡಿನಲ್ಲೂ ಇಲ್ಲ, ಹುಮನಾಬಾದಿನಲ್ಲೂ ಇಲ್ಲ.

ಪೂಜೆಗೆ ಕೂತ ಮಾಮಾರನ್ನು ನಮ್ಮ ಮನೆತನದಲ್ಲಿ ಯಾರೂ ಎಬ್ಬಿಸಿದ್ದಿಲ್ಲ. ಒಮ್ಮೆ ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿದಾಗ ಮಾಮಿ ತಾವೇ ನೀರು ಹಾಕಿ ಆರಿಸಿ, ಪೂಜೆ ಮುಗಿಯುವವರೆಗೆ ಕಾದು, ಆಮೇಲೆ ಅಳಲು ಶುರು ಮಾಡಿದ್ದರಂತೆ. ಅಂಥ ಮನೆಯಲ್ಲಿ ಬೆಳೆದವಳು ನಾನು. ಹಿಂತಿರುಗಿ ನೋಡಿದರೆ ಮರಳಿನ ಪಟ್ಟಿ ನಡುವೆ ಕತ್ತರಿಸಿದಂತಾಗಿ ನೀರು ಹೊಳೆಯುತ್ತಿತ್ತು. ಗಡಿಯಾರ ನೋಡಿದೆ: ಎರಡು ಇಪ್ಪತ್ತು. ನಾನು ಮಾಡಿದ್ದು ಏನು ಗೊತ್ತೇ? ಕೆಮ್ಮಿದೆ! ಮಾಮಾ ಕಣ್ಣೆತ್ತದೆ ಬಲಗೈ ಎತ್ತಿದರು. ಸನ್ನೆ ನನಗೇ ಇರಬಹುದು. ಆದರೆ ನನ್ನ ಬೆನ್ನಿಗೇ ಸಮುದ್ರವಿತ್ತು. ನಾನು ನಿಂತೆ. ಅದು ನಿಲ್ಲಲಿಲ್ಲ.

ಆಚೆ ದಡದಲ್ಲಿ ನಾಯಿ ಹಿಡಿದ ಹೆಂಗಸೊಬ್ಬಳು ಕಂಡಳು. ಮೊಣಕಾಲುದ್ದ ನೀರು, ದಾಟಿ ಹೋಗಿ ಅವಳ ಸಹಾಯ ಕೇಳಿದರಾಯಿತು ಎಂದು ನಾನು ಇಳಿದೆ. ಅವಳು ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದಳು. ಬಾ ಎನ್ನುತ್ತಿದ್ದಾಳೆ ಎಂದುಕೊಂಡೆ. ಬರಬೇಡ ಎನ್ನುತ್ತಿದ್ದಳು.

ಇಲ್ಲಿಂದ ಮುಂದಿನದು ನನಗೆ ಕಣ್ಣು ಮುಚ್ಚಿದರೆ ಸಾಕು, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕಾಲ ಕೆಳಗಿನ ಮರಳು ಸರಿಯುತ್ತದೆ. ನೀರು ಎದೆಗೆ ಬರುತ್ತದೆ, ಪಕ್ಕಕ್ಕೆ ಎಳೆಯುತ್ತದೆ. ಬಾಯಿಗೆ ಉಪ್ಪು. "ಮಾಮಾ!" ಎಂದು ಚೀರಿದ್ದು ನನ್ನ ದನಿಯೇ. ಕೆಂಪು ಕೋಟು ಓಡಿ ಬರುತ್ತದೆ. ಒಂದು ಕೈ ನನ್ನ ಮುಂಗೈ ಹಿಡಿಯುತ್ತದೆ. ಒದ್ದೆ ಕೈ, ಜಾರುತ್ತದೆ. ಇನ್ನೂ ಜಾರುತ್ತದೆ. ಬೆರಳ ತುದಿ ಮಾತ್ರ ಉಳಿಯುತ್ತದೆ. ಆಮೇಲೆ ಎರಡು ಕೈ. ಎರಡು ಕೈ ನನ್ನನ್ನು ಎತ್ತಿ ನಡುಗಡ್ಡೆಯ ಕಲ್ಲಿನ ಮೇಲೆ ಎಸೆಯುತ್ತವೆ.

ಆ ಹೆಂಗಸು ಫೋನು ಮಾಡಿದ್ದಳಂತೆ. ಕಿತ್ತಳೆ ಬಣ್ಣದ ದೋಣಿ ಬಂತು. ಅದರಲ್ಲಿದ್ದವರು ನನಗೆ ಕಂಬಳಿ ಸುತ್ತುತ್ತಿದ್ದರೆ, ಬರಿಗಾಲ ಮಾಮಾ ಚೀಲ ಬಿಚ್ಚಿ ಅವರೆಲ್ಲರಿಗೂ ರೊಟ್ಟಿ ಹಂಚಿದರು. ಹಿಂಡಿ ತಿಂದ ಒಬ್ಬನಿಗೆ ಕಣ್ಣಲ್ಲಿ ನೀರು ಬಂತು. "ನೋಡು, ಪಾಪ, ನಮ್ಮ ಸಲುವಾಗಿ ಅಳಾಕತ್ತಾನ," ಎಂದರು ಮಾಮಾ. ನೀವೂ ತಿನ್ನಿ ಎಂದೆ. "ನನಗ ಹಸಿವಿಲ್ಲ," ಎಂದರು. ಒಂದು ಕೈ ಕೊರಳ ಕರಡಿಗೆಯ ಮೇಲಿತ್ತು. ಈ ಮನುಷ್ಯನ ಬಾಯಿಂದ ಹಸಿವಿಲ್ಲ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಹೆದರಿಕೆಗೆ ಇರಬೇಕು ಎಂದುಕೊಂಡೆ.

ಹುಮನಾಬಾದಿಗೆ ಮರಳಿದ ಮೇಲೆ ಕಾಲೇಜು ಶುರುವಾಗುವ ತನಕ ಮಾಮಿ ನನ್ನನ್ನು ತಮ್ಮಲ್ಲೇ ಉಳಿಸಿಕೊಂಡರು. ನಳ ಸೂಂ ಎಂದರೆ ಸಾಕು, ಬೆವರಿ ಎದ್ದು ಕೂರುತ್ತಿದ್ದೆ. ನಾನು ಎದ್ದಾಗಲೆಲ್ಲ ಪಡಸಾಲೆಯಲ್ಲಿ ಮಾಮಾ ಎಚ್ಚರವೇ ಇರುತ್ತಿದ್ದರು. ಹಗಲು ಮಾತ್ರ ಅಂಗಡಿಯಲ್ಲಿ ಸಮುದ್ರದ ಕಥೆ ಭರ್ಜರಿಯಾಗಿ ನಡೆಯುತ್ತಿತ್ತು. ಗಿರಾಕಿಯಿಂದ ಗಿರಾಕಿಗೆ ನೀರು ಏರುತ್ತಿತ್ತು. ಓಣಿಯವರಿಗೆ ಸೊಂಟದ ತನಕ ಇದ್ದದ್ದು, ದುಬಲಗುಂಡಿ ಬಸ್ಸಿನಲ್ಲಿ ಬಂದವರಿಗೆ ಕುತ್ತಿಗೆಯ ತನಕ ಆಯಿತು. ಶನಿವಾರದ ಹೊತ್ತಿಗೆ ಒಂದು ತಿಮಿಂಗಿಲವೂ ಬಂದು, ಮಾಮಾರ ಬೂಟು ನುಂಗಿ, ಮಾಮಾ ಕೈ ಎತ್ತಿದ್ದಕ್ಕೆ ಹಿಂದೆ ಸರಿದು ಹೋಯಿತು!

ಇಷ್ಟು ಮಾತಾಡುವ ಮನುಷ್ಯ ಉಣ್ಣುತ್ತಿರಲಿಲ್ಲ. ಹಾಲು, ಬಾಳೆಹಣ್ಣು, ಅಷ್ಟೇ. "ಬದನಿಕಾಯಿ ಎಣಗಾಯಿ ಮಾಡೀನಿ, ಅದಕ್ಕೂ ಬ್ಯಾಡ ಅಂತಾರ," ಎಂದು ಮಾಮಿ ನನ್ನೆದುರು ಕಣ್ಣೊರೆಸಿಕೊಂಡರು. "ಬ್ಯಾಡ ಅನ್ನೂದು ಈ ಮನುಷ್ಯಾಗ ಯಾರು ಕಲಿಸಿದ್ರವಾ?"

ಸೋಮವಾರ ಬೆಳಗ್ಗೆ ಮಾಮಾ ನನ್ನ ಎದುರು ಬಂದು ನಿಂತರು. "ಗಾಡಿ ತಗಿ. ಕಲ್ಯಾಣಕ್ಕ ಹೋಗೂದದ, ಮಠಕ್ಕ."

ದಾರಿಯುದ್ದಕ್ಕೂ ಅವರ ಕೈ ಕರಡಿಗೆಯ ಮೇಲೇ ಇತ್ತು. ಮಠದಲ್ಲಿ ವಯಸ್ಸಾದ ಸ್ವಾಮಿಗಳು ಒಬ್ಬರೇ ಇದ್ದರು. ಮಾಮಾ ಅಡ್ಡಬಿದ್ದು, ಕೊರಳಿಂದ ಕರಡಿಗೆ ತೆಗೆದು ಅವರ ಮುಂದೆ ಇಟ್ಟು, ಮುಚ್ಚಳ ತೆರೆದರು.

ಖಾಲಿ.

"ಎಲ್ಲಿ?" ಎಂದರು ಸ್ವಾಮಿಗಳು.

ತಿಮಿಂಗಿಲ ಬರಲಿಲ್ಲ. ಕುತ್ತಿಗೆಯ ತನಕ ನೀರೂ ಬರಲಿಲ್ಲ. "ಪೂಜಾದಾಗಿಂದ ಎದ್ದು ಓಡೀನ್ರಿ, ಬುದ್ಧಿ. ಎಡಗೈಯಾಗ ಲಿಂಗ ಇತ್ತು. ಬಲಗೈಲೆ ಇಕಿನ್ನ ಹಿಡದಿದ್ದೆ. ಜಾರಾಕತ್ತಿದ್ಳ್ರಿ," ಎಂದು ಮಾಮಾ ನಿಲ್ಲಿಸಿದರು. ಎಡ ಅಂಗೈಯನ್ನು ತೆರೆದು ನೋಡಿಕೊಂಡರು. "ಬಿಟ್ಟೆ."

ನನ್ನ ಕಣ್ಣ ಮುಂದೆ ಅದೇ ನೀರು ಮತ್ತೆ ಬಂತು. ಒಂದು ಕೈ, ಜಾರುವ ಬೆರಳು, ಆಮೇಲೆ ಎರಡು ಕೈ. ಎರಡನೆಯ ಕೈ ಎಲ್ಲಿಂದ ಬಂತು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಸ್ವಾಮಿಗಳು ಖಾಲಿ ಕರಡಿಗೆಯ ಮುಚ್ಚಳ ಹಾಕಿದರು. "ಅಂದಿನಿಂದ ಉಂಡಿಲ್ಲೇನು?"

"ಹ್ಯಾಂಗ ಉಣ್ಣಲ್ರಿ?"

"ಹುಚ್ಚಪ್ಪಾ, ಲಿಂಗಾ ಗಟ್ಟಿ ಹಿಡಕೊಂಡು ಇಕಿನ್ನ ಬಿಟ್ಟು ಬಂದಿದ್ರ, ನಿನ್ನ ಈ ಹೊಸ್ತಿಲಾ ದಾಟಗೊಡ್ತಿದ್ದಿಲ್ಲ ನಾ. ಏಳು, ಸ್ನಾನಾ ಮಾಡಿ ಬಾ."

ಅವರು ಹೊಸ ಲಿಂಗ ಕಟ್ಟಿದರು. ನಮ್ಮ ಮಾಮಾ, ಬಸ್ಸು ಬ್ಯಾಂಡು ನಿಲ್ಲಿಸುವ ಮಾಮಾ, ಕೊರಳು ಬಗ್ಗಿಸಿ ಚಿಕ್ಕ ಹುಡುಗನ ಹಾಗೆ ಬಿಕ್ಕುತ್ತಿದ್ದರು. ಮಠದ ಪ್ರಸಾದ ಉಂಡರು. ಮನೆಗೆ ಬಂದು ಎಣಗಾಯಿಯನ್ನೂ ಉಂಡರು. ಕತ್ತಲಾಗುವ ಮುಂಚೆಯೇ ಪಡಸಾಲೆಯಿಂದ ಅವರ ಗೊರಕೆ ಕೇಳಿಸಿತು. ಅದನ್ನು ಕೇಳುತ್ತ ನಾನೂ ಮಲಗಿದೆ.

ಕಣ್ಣು ಬಿಟ್ಟಾಗ ಮಂಗಳವಾರದ ಬಿಸಿಲು ಹಾಸಿಗೆಯ ಮೇಲಿತ್ತು. ಅಂಗಳದಲ್ಲಿ ಕೊಡಗಳೆಲ್ಲ ತುಂಬಿ ನಿಂತಿದ್ದವು. ನಳ ಯಾವಾಗ ಸೂಂ ಎಂದಿತ್ತೋ, ನನಗೆ ಕೇಳಿಸಿರಲಿಲ್ಲ. ಮಾಮಾ ಪೂಜೆಗೆ ಕೂತಿದ್ದರು, ಅಂಗೈಯಲ್ಲಿ ಹೊಸ ಲಿಂಗ. ಸಪ್ಪಳವಾಗದಂತೆ ನಾನು ಬಾಗಿಲು ದಾಟುತ್ತಿದ್ದೆ.

ಪೂಜೆಯ ನಡುವೆ ಯಾರೊಂದಿಗೂ ಮಾತಾಡದ ಆ ಮನುಷ್ಯ ತಲೆಯೆತ್ತಿ ನನ್ನನ್ನು ನೋಡಿದರು.

"ನಿದ್ದಿ ಬಂತೇನವ್ವಾ?"