ಅರ್ಧ ನುಂಗಿ ಅರ್ಧ ಉಳಿಸಿದ ಮಾತ್ರೆ

ಕಾಯಿಲೆ ವಾಸಿಯಾದ ಮೇಲೂ ಮಾತ್ರೆ ನುಂಗುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೊಟ್ಟೆ ತುಂಬಿದ ಮೇಲೂ ಇನ್ನೊಂದು ಮುದ್ದೆ ಕೇಳುವ ಗಿರಾಕಿಗಳು! ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಡಾಕ್ಟರು ಐದು ದಿನಕ್ಕೆ ಬರೆದರೆ, ಜ್ವರ ಬಿಟ್ಟ ದಿನವೇ ನಿಲ್ಲಿಸಿ, ಮಿಕ್ಕಿದ್ದನ್ನು ಬಿಸ್ಕತ್ತಿನ ಡಬ್ಬಿಗೆ ಹಾಕುವಷ್ಟು ಬುದ್ಧಿ ಇತ್ತು. ಬಿಳಿಗೆರೆಯ ನಮ್ಮ ಬೀದಿಯ ಹೆಂಗಸರೆಲ್ಲ ಹೀಗೇ. ಹಾಲಿಗೆ ಹೆಪ್ಪು ಕೇಳುವ ಹಾಗೆ ಮಾತ್ರೆ ಕೇಳುತ್ತಿದ್ದೆವು. ಕೆಂಪು ಒಯ್ದವಳು ಕೆಂಪನ್ನೇ ಹಿಂತಿರುಗಿಸಬೇಕು. ಬಿಳಿಯದು ತಂದರೆ ಜಗಳ. ನನ್ನ ಮಗನ ಹಲ್ಲುನೋವಿಗೆ ತಂದು ಉಳಿದದ್ದನ್ನು ಒಮ್ಮೆ ಎದುರು ಮನೆ ರುದ್ರಮ್ಮನ ಎಮ್ಮೆಗೂ ತಿನ್ನಿಸಿದ್ದೇವೆ. ಎಮ್ಮೆ ತಾನಾಗಿ ಬದುಕಿತು, ಹೆಸರು ನಮಗೆ ಬಂತು.

ಹೋದ ವರ್ಷ ಉಂಡೆ ಕೊಬ್ಬರಿಯಿಂದ ಕರಟ ಬಿಡಿಸುವಾಗ ಒಂದು ಚೂರು ನನ್ನ ಬಲಗೈ ಹೆಬ್ಬೆರಳಿಗೆ ಚುಚ್ಚಿತು. ಬೆರಳು ಬದನೆಕಾಯಿಯಾಯಿತು. ನನ್ನ ಡಬ್ಬಿಯ ಕೆಂಪು ಮಾತ್ರೆ ಎರಡು ದಿನ, ರುದ್ರಮ್ಮನ ಹಳದಿ ಎರಡು ದಿನ ನುಂಗಿದೆ. ಬಾವು ಮೊಣಕೈ ಕಡೆ ಹೊರಟಿತು. ಸೊಸೆ ಬೈದುಕೊಂಡೇ ತಿಪಟೂರಿನ ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿನ ಡಾಕ್ಟರಮ್ಮ, ನನ್ನ ಮೊಮ್ಮಗಳ ವಯಸ್ಸಿನವಳು, ಕೀವನ್ನು ಪರೀಕ್ಷೆಗೆ ಕಳಿಸಿದಳು. ಮೂರನೇ ದಿನ ಕಾಗದ ಹಿಡಿದು ಬಂದಳು.

"ಅಜ್ಜಿ, ನೀವು ನುಂಗಿದ ಯಾವ ಮಾತ್ರೆಗೂ ಈ ಕ್ರಿಮಿ ಬಗ್ಗಲ್ಲ. ಅರ್ಧಂಬರ್ಧ ತಿಂದು ನೀವು ಉಳಿಸಿದ್ದು ಮಾತ್ರೆ ಅಲ್ಲ, ಕ್ರಿಮೀನ. ಇನ್ನು ದುಬಾರಿ ಇಂಜೆಕ್ಷನ್ನೇ ಗತಿ. ಅದಕ್ಕೂ ಬಗ್ಗದಿದ್ರೆ ಬೆರಳು ತೆಗೀಬೇಕಾಗುತ್ತೆ."

ಹೆಬ್ಬೆರಳಿಲ್ಲದೆ ಮುದ್ದೆ ಮುರಿಯುವುದು ಹೇಗೆ? ನಾನು ಅಷ್ಟು ಹೆದರಿದ್ದು ಮದುವೆಯ ದಿನವೂ ಇಲ್ಲ. ಏಳು ದಿನ ದಿನಕ್ಕೆರಡು ಇಂಜೆಕ್ಷನ್ ಬಾಟಲಿ ಏರಿಸುವುದೆಂದಾಯಿತು. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ನಾಲ್ಕನೇ ದಿನ ಬಾವು ಇಳಿಯುತ್ತಲೇ, "ಸಾಕು ಬುಡವ್ವ, ಮಿಕ್ಕಿದ್ದ ಮನೇಗೆ ಕಟ್ಕೊಡು. ನಮ್ ರುದ್ರಮ್ಮಂಗೆ ಮಂಡಿನೋವೈತೆ" ಎಂದೆ.

"ಸುಮ್ನೆ ಮಲಗಜ್ಜಿ!" ಎಂದಳು ಡಾಕ್ಟರಮ್ಮ. ಮಲಗಿದೆ.

ಬೆರಳು ಉಳಿಯಿತು. ಆಮೇಲೆ ಮನೆಗೆ ಕೊಟ್ಟ ಮಾತ್ರೆಯನ್ನೂ ಕೊನೆಯವರೆಗೆ ನುಂಗಿದೆ. ಮಾತ್ರೆಯ ಖಾಲಿ ಪಟ್ಟಿ ನೋಡಿದ ರುದ್ರಮ್ಮ ಎದೆಗೆ ಕೈಯಿಟ್ಟುಕೊಂಡಳು. "ಅಯ್ಯೋ, ಒಂದಾದ್ರೂ ಉಳಿಸ್ಬಾರ್ದಾ? ಎಂಥಾ ದುಂದುಗಾರ್ತಿ ಆಗ್ಬುಟ್ಟೆ ಕಣೇ!"

ಎಪ್ಪತ್ತು ವರ್ಷದಲ್ಲಿ ನನಗೆ ಯಾರೂ ಆ ಮಾತು ಅಂದಿರಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಪ್ಪಿಸಿ, ರುದ್ರಮ್ಮನಿಗೆ ಚೆನ್ನಾಗಿ ಉಗಿದು ಕಳಿಸಿದೆ. ಅವಳು ಅತ್ತ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು, ಆ ಪಟ್ಟಿಯ ಗುಳಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದೆ, ಎಲ್ಲಾದರೂ ಒಂದು ಉಳಿದಿದೆಯೇನೋ ಎಂದು.